ಹಲ್ಲು ಬೆಳ್ಳಗಾಗಿಸುವ ಮೊದಲು ಹುಳುಕಿಗೆ ಚಿಕಿತ್ಸೆಯಾಗಲಿ

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಮುಗಿದು ಮದುವೆಯ ಮುಹೂರ್ತಗಳು ಹತ್ತಿರವಾದಂತೆ ನಮ್ಮ ಮಲೆನಾಡಿನ ಪೇಟೆಗಳ ದಂತ ಚಿಕಿತ್ಸಾಲಯಗಳಿಗೆ ಹಲ್ಲು ಬೆಳ್ಳಗೆ ಮಾಡಿಸಿಕೊಳ್ಳಲು ಬರುವ ಯುವಕ ಯುವತಿಯರು ಹೆಚ್ಚುತ್ತಾರೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅವರಲ್ಲಿ ಅನೇಕರ ದವಡೆ ಹಲ್ಲುಗಳಲ್ಲಿ ಹುಳುಕು ಇರುತ್ತದೆ, ಅದನ್ನು ತೋರಿಸಿ ಹೇಳಿದರೆ ‘ಅದನ್ನು ಮದುವೆ ಮುಗಿದ ಮೇಲೆ ನೋಡೋಣ, ಈಗ ಮುಂದಿನ ಹಲ್ಲಿನ ಬಣ್ಣ ಸರಿಯಾದರೆ ಸಾಕು’ ಎನ್ನುತ್ತಾರೆ. ಬಹುಕಾಲ ಈ ಭಾಗದಲ್ಲಿ ದಂತವೈದ್ಯೆಯಾಗಿ ಕೆಲಸ ಮಾಡಿದವಳಾಗಿ, ಈ ಕ್ರಮ ತಿರುಗುಮುರುಗಾಗಿದೆ ಎಂದು ಸ್ಪಷ್ಟವಾಗಿ ಹೇಳಬೇಕೆನಿಸಿದೆ.

ಹಲ್ಲು ಬೆಳ್ಳಗಾಗಿಸುವ ಜೆಲ್‌ಗಳಲ್ಲಿ ಇರುವುದು ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಅದನ್ನು ಬಿಡುಗಡೆ ಮಾಡುವ ಕಾರ್ಬಮೈಡ್ ಪೆರಾಕ್ಸೈಡ್. ಮನೆಯಲ್ಲಿ ರಾತ್ರಿ ಹಾಕಿಕೊಳ್ಳಲು ಕೊಡುವ ಶೇ 10ರ ಕಾರ್ಬಮೈಡ್ ಪೆರಾಕ್ಸೈಡ್‌ನಿಂದ ಸುಮಾರು ಶೇ 3.5ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಸಿಗುತ್ತದೆ. ಚಿಕಿತ್ಸಾಲಯದಲ್ಲಿ ಹಚ್ಚುವ ಜೆಲ್ ಶೇ 35ರಷ್ಟು ತೀಕ್ಷ್ಣವಾಗಿರುವುದೂ ಉಂಟು. ಈ ರಾಸಾಯನಿಕ ಹಲ್ಲಿನ ಮೇಲ್ಪದರವಾದ ಎನಾಮೆಲ್ ದಾಟಿ ಒಳಗಿನ ಡೆಂಟಿನ್‌ಗೆ ಇಳಿದು ಅಲ್ಲಿರುವ ಬಣ್ಣದ ಕಣಗಳನ್ನು ಒಡೆಯುತ್ತದೆ. ಗಟ್ಟಿಮುಟ್ಟಾದ ಹಲ್ಲಿನಲ್ಲಿಯೂ ಅದರ ಸ್ವಲ್ಪ ಅಂಶ ನರ ಮತ್ತು ರಕ್ತನಾಳಗಳಿರುವ ತಿರುಳನ್ನು ತಲುಪುವುದರಿಂದಲೇ ಕೆಲವು ದಿನ ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ. ಇನ್ನು ಹುಳುಕು ಹಿಡಿದು ಎನಾಮೆಲ್ ಕುಸಿದು, ಡೆಂಟಿನ್ ಮೆತ್ತಗಾಗಿರುವ ಹಲ್ಲಿನಲ್ಲಿ ತಡೆಯುವ ಪದರವೇ ಇರುವುದಿಲ್ಲ. ಜೆಲ್ ಆ ಕುಳಿಗೆ ಸೋರಿದರೆ ತಿರುಳು ಉರಿಯೂತಕ್ಕೆ ಒಳಗಾಗಿ, ಸಾಮಾನ್ಯ ಫಿಲ್ಲಿಂಗ್‌ನಿಂದ ಉಳಿಯಬಹುದಾಗಿದ್ದ ಹಲ್ಲಿಗೆ ರೂಟ್ ಕೆನಾಲ್ (ತಿರುಳನ್ನೇ ತೆಗೆದು ಮುಚ್ಚುವ ಚಿಕಿತ್ಸೆ) ಬೇಕಾಗಬಹುದು. ಬಿರುಕು ಬಿಟ್ಟ ಹಳೆಯ ಫಿಲ್ಲಿಂಗ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಹಲ್ಲು ಬೆಳ್ಳಗಾದರೆ ಹುಳುಕೂ ಹೋಗುತ್ತದೆ ಎಂದು ನಂಬಿದವರನ್ನು ನಾನು ಕಂಡಿದ್ದೇನೆ. ಹಾಗಾಗುವುದಿಲ್ಲ. ಸಿಹಿಯನ್ನು ತಿಂದ ಬ್ಯಾಕ್ಟೀರಿಯಾಗಳು ಹೊರಬಿಡುವ ಆಮ್ಲದಿಂದ ಹಲ್ಲಿನ ಮೇಲ್ಮೈಯ ಪಿಎಚ್ (ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್‌ನ ಖನಿಜ ಕರಗತೊಡಗುತ್ತದೆ. ಬಣ್ಣ ತೆಗೆಯುವ ಚಿಕಿತ್ಸೆಯಿಂದ ಕರಗಿ ಹೋದ ಭಾಗ ಮರಳಿ ಬರುವುದಿಲ್ಲ. ದಂತಕ್ಷಯದ ಮೊದಲ ಗುರುತು ಹಲ್ಲಿನ ಮೇಲೆ ಮೂಡುವ ಸುಣ್ಣದಂಥ ಬಿಳಿ ಮಚ್ಚೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಆ ಹಂತದಲ್ಲಿಯೇ ಫ್ಲೋರೈಡ್ ಹಚ್ಚಿಸಿ ಸಿಹಿಯನ್ನು ಮಿತಗೊಳಿಸಿದರೆ ಹುಳುಕನ್ನು ಕೊರೆಯದೆಯೇ ತಡೆಯಬಹುದು.

ಮುಂದಿನ ಹಲ್ಲಿನಲ್ಲಿಯೇ ಹುಳುಕಿದ್ದರೆ ಕ್ರಮ ಇನ್ನೂ ಮುಖ್ಯ. ಹಲ್ಲಿನ ಬಣ್ಣದ ಫಿಲ್ಲಿಂಗ್ ಆಗಲಿ, ಕ್ಯಾಪ್ ಆಗಲಿ ಪೆರಾಕ್ಸೈಡ್‌ನಿಂದ ಬೆಳ್ಳಗಾಗುವುದಿಲ್ಲ. ಆದ್ದರಿಂದ ಮೊದಲು ಹುಳುಕನ್ನು ಪೂರ್ತಿ ತೆಗೆದು ಕುಳಿಯನ್ನು ತಾತ್ಕಾಲಿಕ ಫಿಲ್ಲಿಂಗ್‌ನಿಂದ ಮುಚ್ಚಬೇಕು, ಆಮೇಲೆ ಹಲ್ಲು ಬೆಳ್ಳಗಾಗಿಸಬೇಕು, ಕೊನೆಗೆ ಹೊಸ ಬಣ್ಣಕ್ಕೆ ಹೊಂದುವ ಶಾಶ್ವತ ಫಿಲ್ಲಿಂಗ್ ಮಾಡಬೇಕು. ಈ ಕೊನೆಯ ಹೆಜ್ಜೆಗೆ ಸಾಮಾನ್ಯವಾಗಿ ಎರಡು ವಾರ ಕಾಯುತ್ತೇವೆ. ಪೆರಾಕ್ಸೈಡ್‌ನಿಂದ ಬಂದು ಹಲ್ಲಿನೊಳಗೆ ಉಳಿದ ಆಮ್ಲಜನಕ ಹೊರಹೋಗುವ ಮೊದಲೇ ಮಾಡಿದರೆ ಫಿಲ್ಲಿಂಗ್ ಸರಿಯಾಗಿ ಅಂಟುವುದಿಲ್ಲ, ಬಣ್ಣವೂ ನೆಲೆ ನಿಂತಿರುವುದಿಲ್ಲ. ಹೀಗಾಗಿ ಮುಹೂರ್ತಕ್ಕೆ ವಾರವಿರುವಾಗ ಬಂದವರಿಗೆ ವೈದ್ಯರು ‘ಆಗದು’ ಎಂದರೆ ಬೇಸರಪಡಬಾರದು. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಹಲ್ಲು ತೋರಿಸಿಕೊಳ್ಳಬೇಕೆಂದು ನಾನು ತಾಯಂದಿರಿಗೆ ಹೇಳುತ್ತಿದ್ದೆ.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಕವಳ (ಎಲೆಯಡಿಕೆ), ಕಾಫಿ, ಚಹಾಗಳಿಂದ ಬಂದ ಕಲೆ ಬಹುಮಟ್ಟಿಗೆ ಹಲ್ಲಿನ ಹೊರಮೈಗೆ ಅಂಟಿದ್ದು. ಹಲ್ಲಿನ ಮೇಲೆ ಗಟ್ಟಿಗಟ್ಟಿದ ಗಾರೆ ತೆಗೆಸಿ ಪಾಲಿಶ್ ಮಾಡಿಸಿದರೆ ಹೋಗುತ್ತದೆ, ಜೆಲ್‌ನ ಅಗತ್ಯವೇ ಬೀಳದು. ಪರೀಕ್ಷೆಗೆಂದು ಬಾಯಿ ತೆರೆದಾಗ ಕೆನ್ನೆಯ ಒಳಭಾಗವನ್ನೂ ನೋಡಲು ಸಾಧ್ಯವಾಗುತ್ತದೆ. ಅಡಿಕೆ ಜಗಿಯುವವರ ಕೆನ್ನೆ ಬಿಗಿದು ಬಾಯಿ ಪೂರ್ತಿ ತೆರೆಯಲಾಗದ ಕಾಯಿಲೆ ಹಲ್ಲಿನ ಬಣ್ಣಕ್ಕಿಂತ ಎಷ್ಟೋ ಪಾಲು ಗಂಭೀರವಾದದ್ದು. ಅಡಿಕೆ ಬೆಳೆಯನ್ನೇ ನಂಬಿದ ಮನೆತನದಲ್ಲಿ ಹುಟ್ಟಿದ ನನಗೆ ಇದನ್ನು ಬರೆಯುವುದು ಸುಲಭವಲ್ಲ. ಆದರೂ ರೋಗಿಯ ಮುಂದೆ ಮುಚ್ಚಿಡಲು ಬರುವುದಿಲ್ಲ.

ನಿಂಬೆರಸ, ಇದ್ದಿಲ ಪುಡಿಗಳಿಂದ ಉಜ್ಜುವವರು ಎನಾಮೆಲ್ ಸವೆಸಿಕೊಂಡು ಒಳಗಿನ ಹಳದಿ ಡೆಂಟಿನ್ ಇನ್ನಷ್ಟು ಕಾಣುವಂತೆ ಮಾಡಿಕೊಳ್ಳುತ್ತಾರೆ. ಹಲ್ಲನ್ನು ಪರೀಕ್ಷಿಸದೆ ಬ್ಯೂಟಿ ಪಾರ್ಲರ್‌ಗಳಲ್ಲಿ ಜೆಲ್ ಹಚ್ಚುವುದು ಅದಕ್ಕಿಂತ ಅಪಾಯಕಾರಿ. ಯುರೋಪಿಯನ್ ಒಕ್ಕೂಟದ 2011ರ ನಿರ್ದೇಶನದಂತೆ ಶೇ 0.1ಕ್ಕಿಂತ ಹೆಚ್ಚು, ಶೇ 6ರವರೆಗೆ ಹೈಡ್ರೋಜನ್ ಪೆರಾಕ್ಸೈಡ್ ಇರುವ ಇಂಥ ಉತ್ಪನ್ನಗಳನ್ನು ದಂತವೈದ್ಯರಿಗೆ ಮಾತ್ರ ಮಾರಬೇಕು, ಮೊದಲ ಬಳಕೆ ಅವರ ಕೈಯಲ್ಲಿ ಅಥವಾ ಅವರ ನೇರ ಮೇಲ್ವಿಚಾರಣೆಯಲ್ಲಿಯೇ ಆಗಬೇಕು, 18 ವರ್ಷದೊಳಗಿನವರಿಗೆ ಬಳಸಬಾರದು.

ಆಗುಂಬೆ, ಹೊಸನಗರದ ಕಡೆಯ ಹಳ್ಳಿಗಳಿಂದ ಬರುವವರಿಗೆ ಹಲ್ಲು ತೋರಿಸುವುದೆಂದರೆ ಒಂದು ದಿನದ ಕೂಲಿ ಕಳೆದುಕೊಂಡಂತೆ ಎಂಬುದು ನನಗೆ ಗೊತ್ತು. ಅದರಿಂದಲೇ ಅವರು ಲವಂಗ ಕಚ್ಚಿ, ನೋವಿನ ಮಾತ್ರೆ ನುಂಗಿ ದಿನ ದೂಡುತ್ತಾರೆ. ಹಾಗೆ ಕಷ್ಟಪಟ್ಟು ಕೂಡಿಟ್ಟ ಹಣ ಬಣ್ಣಕ್ಕೆ ಖರ್ಚಾಗಿ ಹುಳುಕು ಉಳಿದರೆ ಅದು ನಮ್ಮ ವೃತ್ತಿಗೇ ಸಲ್ಲದ ಮಾತು. ಹುಳುಕು, ವಸಡಿನ ರೋಗಗಳಿಗೆ ಚಿಕಿತ್ಸೆ ಮುಗಿಯದೆ ಹಲ್ಲು ಬೆಳ್ಳಗಾಗಿಸುವುದಿಲ್ಲ ಎಂಬ ಫಲಕವನ್ನು ಜಿಲ್ಲೆಯ ಪ್ರತಿಯೊಂದು ದಂತ ಚಿಕಿತ್ಸಾಲಯವೂ ತನ್ನ ಬಾಗಿಲಲ್ಲಿ ಹಾಕಬೇಕೆಂದು ನನ್ನ ವೃತ್ತಿಬಾಂಧವರನ್ನು ಕೋರುತ್ತೇನೆ. ತಮ್ಮ ಪತ್ರಿಕೆಯೂ ಹಲ್ಲು ಬೆಳ್ಳಗಾಗಿಸುವ ಚಿಕಿತ್ಸೆಯ ಜಾಹೀರಾತುಗಳನ್ನು ಸ್ವೀಕರಿಸುವಾಗ ‘ಮೊದಲು ದಂತವೈದ್ಯರಿಂದ ಪರೀಕ್ಷೆ ಕಡ್ಡಾಯ’ ಎಂಬ ಒಂದು ಸಾಲನ್ನು ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಸೇರಿಸುವಂತೆ ಜಾಹೀರಾತುದಾರರಿಗೆ ಸೂಚಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ದಂತವೈದ್ಯೆ, ತೀರ್ಥಹಳ್ಳಿ