ಕೆರೆ ದಂಡೆಯ ಹೋಟೆಲಿನಲ್ಲಿ ಸೇವಾ ಶುಲ್ಕ ಏಕೆ?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕೆರೆ ದಂಡೆಯ ಉದ್ಯಾನವೊಂದರಲ್ಲಿ, ಸಾರ್ವಜನಿಕ ಜಾಗವನ್ನು ಟೆಂಡರ್ ಮೂಲಕ ಗುತ್ತಿಗೆಗೆ ಪಡೆದು ನಡೆಯುತ್ತಿರುವ ಹೋಟೆಲೊಂದು, ಎಂಟು ಮಂದಿಗಿಂತ ಹೆಚ್ಚು ಜನ ಒಟ್ಟಿಗೆ ಕುಳಿತು ಉಂಡರೆ ಬಿಲ್ಲಿಗೆ ಶೇ 10ರಷ್ಟು ಸೇವಾ ಶುಲ್ಕವನ್ನು ತಾನಾಗಿಯೇ ಸೇರಿಸುತ್ತಿದೆ. ಈಚೆಗೆ ಕಚೇರಿಯ ಸಹೋದ್ಯೋಗಿಗಳೊಂದಿಗೆ ಅಲ್ಲಿಗೆ ಮಧ್ಯಾಹ್ನದ ಊಟಕ್ಕೆ ಹೋಗಿದ್ದಾಗ ಇದು ಅನುಭವಕ್ಕೆ ಬಂದಿತು. ಆ ಹೋಟೆಲನ್ನು ಹೆಸರಿಸುವುದು ಈ ಪತ್ರದ ಉದ್ದೇಶವಲ್ಲ. ಇಂಥ ಜಾಗಗಳನ್ನು ಗುತ್ತಿಗೆಗೆ ಕೊಡುವ ಅಧಿಕಾರಿಗಳ ಗಮನ ಸೆಳೆಯಬೇಕೆಂದು ಬರೆಯುತ್ತಿದ್ದೇನೆ.

ಗ್ರಾಹಕ ಸಂರಕ್ಷಣಾ ಕಾಯ್ದೆ–2019ರ ಅಡಿ ರಚನೆಯಾದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಯಾವುದೇ ಹೋಟೆಲ್ ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ವಸೂಲು ಮಾಡುವಂತಿಲ್ಲ, ಆಹಾರದ ಮೊತ್ತದೊಂದಿಗೆ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಲಾಗಿದೆ. ಹೋಟೆಲ್ ಉದ್ಯಮದ ರಾಷ್ಟ್ರೀಯ ಸಂಘಟನೆಗಳು ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದರಿಂದ ಅದೇ ತಿಂಗಳು ತಡೆಯಾಜ್ಞೆ ಬಂದು, ಮಾರ್ಗಸೂಚಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಕಡತದಲ್ಲೇ ಉಳಿಯಿತು. 2025ರ ಮಾರ್ಚ್ 28ರಂದು ಏಕಸದಸ್ಯ ಪೀಠವು ಆ ಅರ್ಜಿಗಳನ್ನು ವಜಾ ಮಾಡಿ, ತಲಾ ಒಂದು ಲಕ್ಷ ರೂಪಾಯಿ ದಂಡವನ್ನೂ ವಿಧಿಸಿತು. ಆ ತೀರ್ಪಿನ ವಿರುದ್ಧ ಮೇಲ್ಮನವಿ ಸಲ್ಲಿಕೆಯಾಗಿದೆಯೆಂಬುದು ನಿಜ. ಆದರೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ತೀರ್ಪು ಬಿದ್ದುಹೋಗುವುದಿಲ್ಲ.

ನಮ್ಮ ಕೈಗೆ ಬಂದ ಬಿಲ್ಲಿನಲ್ಲಿ ಈ ಶುಲ್ಕ ಇಂಗ್ಲಿಷಿನ ‘ಎಸ್‌ಸಿ’ ಎಂಬ ಎರಡಕ್ಷರವಾಗಿ, ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿಯ ಶೇ 2.5ರ ಎರಡು ಸಾಲುಗಳಿಗೆ ಅಂಟಿಕೊಂಡಂತೆ ಮುದ್ರಣವಾಗಿತ್ತು. ಅವಸರದಲ್ಲಿ ನೋಡುವವರು ಮೂರನ್ನೂ ಸರ್ಕಾರದ ತೆರಿಗೆಯೆಂದೇ ತಿಳಿಯುತ್ತಾರೆ; ನಮ್ಮಲ್ಲೂ ಹೆಚ್ಚಿನವರು ಹಾಗೆಯೇ ತಿಳಿದಿದ್ದರು. ಲೆಕ್ಕ ಹೀಗೆ ನಡೆಯುತ್ತದೆ: ಊಟದ ಮೊತ್ತ 6,400 ರೂಪಾಯಿ ಎಂದಿಟ್ಟುಕೊಂಡರೆ ಶೇ 5ರ ಜಿಎಸ್‌ಟಿ ಸೇರಿ 6,720 ಆಗಬೇಕು. ಅದರ ಬದಲು ಮೊದಲು 640 ರೂಪಾಯಿ ಸೇವಾ ಶುಲ್ಕ ಸೇರಿಸಿ, 7,040 ರೂಪಾಯಿಗೆ ಜಿಎಸ್‌ಟಿ ಹಾಕಿದರೆ ಬಿಲ್ಲು 7,392 ರೂಪಾಯಿಗೆ ನಿಲ್ಲುತ್ತದೆ. ಕೊಡಬೇಕಿಲ್ಲದ ಶುಲ್ಕದ ಮೇಲೆ ಮತ್ತೆ 32 ರೂಪಾಯಿ ತೆರಿಗೆ!

ನೀರಿನದ್ದೂ ಇದೇ ಕಥೆ. ನಾವು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಸಪ್ಲೈಯರ್ ಬಾಟಲಿಗಳನ್ನು ತಂದಿಟ್ಟು, ಯಾರೂ ಹೂಂ ಎನ್ನುವ ಮೊದಲೇ ಮುಚ್ಚಳ ತಿರುಗಿಸಿಬಿಟ್ಟಿದ್ದ. ಹೋಟೆಲುಗಳು ಬಾಟಲಿ ನೀರನ್ನು ಎಂಆರ್‌ಪಿಗಿಂತ ಹೆಚ್ಚಿನ ಬೆಲೆಗೆ ಮಾರಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿರುವುದರಿಂದ ಬೆಲೆಯ ಬಗ್ಗೆ ನನ್ನ ತಕರಾರಿಲ್ಲ. ಕೇಳದೆ ತಂದು ತೆರೆದಿಡುವುದರ ಬಗ್ಗೆ ಇದೆ.

ಕಚೇರಿಯ ಗುಂಪಿನ ಮೇಲೆಯೇ ಈ ಶುಲ್ಕ ಬೀಳುವುದರ ಹಿಂದೆ ಒಂದು ಜಾಣತನವಿದೆಯೆಂದು ನನಗನ್ನಿಸುತ್ತದೆ. ಮನೆಯವರೊಂದಿಗೆ ಹೋದವರು ಬಿಲ್ಲನ್ನು ಸಾಲು ಸಾಲಾಗಿ ಓದುತ್ತಾರೆ, ಪ್ರಶ್ನೆಯನ್ನೂ ಕೇಳುತ್ತಾರೆ. ಯಾರದೋ ಬಡ್ತಿಗೋ ಬೀಳ್ಕೊಡುಗೆಗೋ ಹೋದ ಸಹೋದ್ಯೋಗಿಗಳು ಹಾಗೆ ಮಾಡುವುದಿಲ್ಲ. ಮೇಲಧಿಕಾರಿ ಎದುರಿಗಿರುತ್ತಾರೆ; ಆರುನೂರು ರೂಪಾಯಿಗೆ ಗಲಾಟೆ ಮಾಡಿದ ಜಿಪುಣನೆಂಬ ಹೆಸರು ಯಾರಿಗೂ ಬೇಡ; ಎರಡು ಗಂಟೆಯ ಮೀಟಿಂಗಿಗೆ ಹಿಂತಿರುಗಬೇಕು; ಹಿಂದೆ ಮೇಜಿಗಾಗಿ ಕಾಯುತ್ತಿರುವವರ ಸಾಲು ಕೆರೆಯ ಏರಿಯವರೆಗೂ ಬೆಳೆದಿರುತ್ತದೆ. ಒಬ್ಬರು ಹಣ ಕಟ್ಟಿ, ಒಟ್ಟು ಮೊತ್ತವನ್ನು ತಲೆಗಿಷ್ಟೆಂದು ಭಾಗಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ, ಉಳಿದವರು ಯುಪಿಐನಲ್ಲಿ ಕಳುಹಿಸುತ್ತಾರೆ. ಬಿಲ್ಲನ್ನು ಕಣ್ಣಾರೆ ಕಂಡವರು ಒಬ್ಬರೇ. ಮೊಸರನ್ನ ಮಾತ್ರ ಉಂಡ ಟ್ರೈನಿ ಹುಡುಗಿಯೂ ಹೀಗೆ ಉಳಿದವರ ಬಿರಿಯಾನಿ, ಕಬಾಬಿನ ಸೇವಾ ಶುಲ್ಕದಲ್ಲಿ ಪಾಲು ಕೊಡುತ್ತಾಳೆ.

ಗಲ್ಲಾದ ಬಳಿ ವಿಚಾರಿಸಿದಾಗ “ಕಂಪ್ಯೂಟರಲ್ಲಿ ತಾನೇ ಬರುತ್ತೆ ಸರ್, ತೆಗೆಯೋಕಾಗಲ್ಲ” ಎಂಬ ಉತ್ತರ ಬಂತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದಾಗಿ ನಮ್ಮ ಸಹೋದ್ಯೋಗಿಯೊಬ್ಬರು ಮೊಬೈಲ್ ಹೊರತೆಗೆದ ಮೇಲೆ, ಮ್ಯಾನೇಜರ್ ಬಂದು ಅದೇ ಕಂಪ್ಯೂಟರಿನಿಂದ ಆ ಸಾಲಿಲ್ಲದ ಹೊಸ ಬಿಲ್ಲು ತೆಗೆದುಕೊಟ್ಟರು. ಅಂದರೆ ಕೇಳಿದವರಿಗೊಂದು ಬಿಲ್ಲು, ಕೇಳದವರಿಗೊಂದು.

ಹೋಟೆಲಿನವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಹತ್ತು ಹನ್ನೆರಡು ಜನಕ್ಕೆ ಮೇಜುಗಳನ್ನು ಜೋಡಿಸಬೇಕು, ಅಷ್ಟೂ ಜನರ ಆರ್ಡರು ಒಮ್ಮೆಗೇ ಅಡುಗೆಮನೆಗೆ ಹೋಗುತ್ತದೆ, ಊಟ ಮುಗಿದ ಮೇಲೂ ಫೋಟೊ ತೆಗೆಯುತ್ತ ಕುಳಿತು ಇನ್ನೊಬ್ಬರಿಗೆ ಸಿಗಬೇಕಾದ ಜಾಗವನ್ನು ನಾವು ಹಿಡಿದಿರುತ್ತೇವೆ. ಅದಕ್ಕೆ ತಕ್ಕಂತೆ ತಿಂಡಿ ಊಟದ ದರವನ್ನೇ ನಿಗದಿ ಮಾಡಲಿ. ಅದನ್ನು ಮಾರ್ಗಸೂಚಿ ತಡೆಯುವುದಿಲ್ಲ. ಬಡಿಸಿದವರಿಗೆ ಟಿಪ್ಸ್ ಕೊಡಲು ನಮಗೇನೂ ಮನಸ್ಸಿಲ್ಲದಿಲ್ಲ, ಅಂದು ಕೊಟ್ಟೂ ಬಂದೆವು. ಆದರೆ ಅದು ಅವರ ಕೈಗೇ ಹೋಗಬೇಕು. ಕಂಪ್ಯೂಟರ್ ಬಿಲ್ಲಿನಲ್ಲಿ ಸೇರಿದ ಸೇವಾ ಶುಲ್ಕದಲ್ಲಿ ತಮಗೆ ಎಷ್ಟು ಸಿಗುತ್ತದೆಂದು ಕೇಳಿದರೆ, ನಮಗೆ ಬಡಿಸಿದ ಸಪ್ಲೈಯರ್ ಉತ್ತರಿಸದೆ ತಟ್ಟೆಗಳನ್ನು ಎತ್ತಿಕೊಂಡು ಹೋದರು.

ಊರಿನ ಬೇರೆ ಹೋಟೆಲಾಗಿದ್ದರೆ ಇಷ್ಟವಿಲ್ಲದವರು ಎದ್ದು ಪಕ್ಕದ ದರ್ಶಿನಿಗೆ ಹೋಗಬಹುದಿತ್ತು. ಉದ್ಯಾನದೊಳಗೆ ಆ ಆಯ್ಕೆ ಇಲ್ಲ. ಪ್ರವೇಶ ಶುಲ್ಕ ಕಟ್ಟಬೇಕು, ವಾಹನ ನಿಲುಗಡೆಗೆ ಬೇರೆ ಕಟ್ಟಬೇಕು, ಹೊರಗಿನ ಆಹಾರ ತರುವಂತಿಲ್ಲವೆಂದು ಗೇಟಿನಲ್ಲೇ ಬುತ್ತಿಯ ಚೀಲವನ್ನು ತಡೆಯುತ್ತಾರೆ, ಒಳಗಿರುವುದು ಇದೊಂದೇ ಹೋಟೆಲು. ಕೆರೆ ಜನರದ್ದು, ಉದ್ಯಾನ ಜನರದ್ದು. ಸ್ಪರ್ಧೆಯಿಲ್ಲದ ಈ ಜಾಗವನ್ನು ಒಬ್ಬರಿಗೆ ಒಪ್ಪಿಸಿದ ಇಲಾಖೆಯೇ ಗ್ರಾಹಕರ ಹಿತವನ್ನೂ ಕಾಯಬೇಕಲ್ಲವೇ? ಬಾಡಿಗೆ, ಠೇವಣಿ, ಅವಧಿಗಳನ್ನು ಟೆಂಡರಿನಲ್ಲಿ ಕರಾರುವಾಕ್ಕಾಗಿ ನಮೂದಿಸುವವರಿಗೆ, ಸೇವಾ ಶುಲ್ಕ ಹಾಕಕೂಡದು, ಕುಡಿಯಲು ಶುದ್ಧೀಕರಿಸಿದ ನೀರನ್ನು ಉಚಿತವಾಗಿ ಕೊಡಬೇಕು ಎಂಬ ಎರಡು ಸಾಲು ಸೇರಿಸುವುದು ಕಷ್ಟವಾಗಲಾರದು. ತಪ್ಪಿದರೆ ಠೇವಣಿಯಿಂದ ದಂಡ ಮುರಿದುಕೊಳ್ಳುವ ಅಧಿಕಾರವನ್ನೂ ಅದರಲ್ಲೇ ಬರೆದುಕೊಳ್ಳಬಹುದು. ಆಗ ಪ್ರತಿ ಗ್ರಾಹಕನೂ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದ ಮೆಟ್ಟಿಲು ಹತ್ತಬೇಕಾಗಿಲ್ಲ.

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂಬ 2024ರ ತಿದ್ದುಪಡಿ ಕಾಯ್ದೆಯನ್ನು ಆ ಹೋಟೆಲು ಹೊರಗೆ ಚೆನ್ನಾಗಿಯೇ ಪಾಲಿಸಿದೆ. ಆದರೆ ಗುಂಪಿನ ಊಟಕ್ಕೆ ಶೇ 10 ಹೆಚ್ಚುವರಿ ಎಂಬ ಸೂಚನೆ ಇರುವುದು ಒಳಗಿನ ಮೆನು ಕಾರ್ಡಿನ ಕೊನೆಯ ಪುಟದ ತಳದಲ್ಲಿ, ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿಕೊಂಡರೂ ಓದಲು ತಿಣುಕಬೇಕಾದಷ್ಟು ಸಣ್ಣ ಅಕ್ಷರದಲ್ಲಿ. ಮುಂದಿನ ಟೆಂಡರ್ ಕರೆಯುವವರೆಗೆ ಸಂಬಂಧಪಟ್ಟ ಅಧಿಕಾರಿಗಳು ಕನಿಷ್ಠಪಕ್ಷ ಉದ್ಯಾನದ ಟಿಕೆಟ್ ಕೌಂಟರಿನ ಬಳಿ ಹೋಟೆಲಿನ ದರಪಟ್ಟಿಯನ್ನೂ, ಸೇವಾ ಶುಲ್ಕ ಕೊಡುವುದು ಕಡ್ಡಾಯವಲ್ಲವೆಂಬ ಸೂಚನೆಯನ್ನೂ, 1915 ಸಂಖ್ಯೆಯನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ ಹಾಕಬೇಕೆಂದು ಕೋರುತ್ತೇನೆ.

— ಖಾಸಗಿ ಕಂಪನಿಯೊಂದರ ಉದ್ಯೋಗಿ, ಬೆಂಗಳೂರು