ನಿಮ್ಮ ಕೈ ನೋಯದಿರಲಿ

ಅಕ್ಕನ ಕಿಡ್ನಿ ನನ್ನ ಹೊಟ್ಟೆಯೊಳಗೆ ಬಂದು ಕೂತು ಈ ವಾರಕ್ಕೆ ಒಂದು ವರ್ಷ ದಾಟಿತು. ಮೊನ್ನೆ ಡಾಕ್ಟರು ರಿಪೋರ್ಟ್ ನೋಡಿ, "ಕ್ರಿಯಾಟಿನಿನ್ ಚೆನ್ನಾಗಿದೆ, ಇನ್ನೆರಡು ತಿಂಗಳು ಬಿಟ್ಟು ಬನ್ನಿ" ಅಂದರು. ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಹೊರಗೆ ಬಂದು ಎದುರಿನ ಅಂಗಡಿಯಲ್ಲಿ ಒಂದು ಫುಲ್ ಚಹಾ ಹೇಳಿದೆ. ಕುಡಿಯುತ್ತಾ ಯಾರ್ಯಾರ ಋಣ ಇದೆ ಅಂತ ಲೆಕ್ಕ ಹಾಕಿದೆ. ಹುಬ್ಬಳ್ಳಿಯವರ ಜೊತೆ ಇರಾನಿನವರೂ ಲೆಕ್ಕದಲ್ಲಿ ಬಂದರು. ಇರಾನಿಗೆ ನಾನು ಹೋದವನೇ ಅಲ್ಲ.

ಎರಡು ವರ್ಷ ನಾಲ್ಕು ತಿಂಗಳು ಡಯಾಲಿಸಿಸ್‌ನಲ್ಲಿದ್ದೆ. ಮಂಗಳವಾರ, ಗುರುವಾರ, ಶನಿವಾರ. ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಎಡಗೈಯಲ್ಲಿ ಎರಡು ದಪ್ಪ ಸೂಜಿ, ಒಂದು ರಕ್ತವನ್ನು ಶುದ್ಧ ಮಾಡುವ ಯಂತ್ರಕ್ಕೆ ಒಯ್ಯಲು, ಇನ್ನೊಂದು ವಾಪಸ್ ತರಲು. ಆ ಕೈ ಅಲ್ಲಾಡಿಸುವ ಹಾಗಿಲ್ಲ. ಊರು ಬಿಟ್ಟು ಹೋಗುವ ಹಾಗೂ ಇಲ್ಲ. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಬೆಳಗಾವಿಯಲ್ಲಿ ತಮ್ಮನ ಮದುವೆ, ನಾನು ಅಕ್ಕಿಕಾಳು ಹಾಕಿ ಊಟಕ್ಕೂ ಕೂರದೆ ವಾಪಸ್ ಬಂದೆ. ಕಾಯಿಲೆಗೆ ಮೊದಲು ಆಸೆಪಟ್ಟು ಮಾಡಿಸಿದ ಪಾಸ್‌ಪೋರ್ಟ್ ಒಂದಿತ್ತು. ಒಂದು ಮುದ್ರೆಯೂ ಬೀಳದೆ ಅದರ ಅವಧಿ ಮುಗಿಯಿತು.

ಮೊದಲು ಅಕ್ಕನ ಮಗಳ ಋಣ. ಕಾಲೇಜಿನಲ್ಲಿ ಸಿನಿಮಾ ಹುಚ್ಚು ಹತ್ತಿಸಿಕೊಂಡವಳು. "ಫಾರಿನ್ ನೋಡ್ಬೇಕು ಅಂತಿದ್ದಿ ಅಲ್ಲ ಮಾಮಾ, ತಗೋ" ಅಂತ ನನ್ನ ಫೋನಿಗೆ ಇರಾನಿ ಸಿನಿಮಾಗಳನ್ನು ತುಂಬಿಸಿದಳು. ಅವು ಹೆಚ್ಚಾಗಿ ಒಂದೂವರೆ ಗಂಟೆಯವು. ಒಂದು ಡಯಾಲಿಸಿಸ್‌ಗೆ ಸರಿಯಾಗಿ ಎರಡು.

ಮೊದಲು ನೋಡಿದ್ದು ನಿರ್ದೇಶಕ ಅಬ್ಬಾಸ್ ಕಿಯರೊಸ್ತಮಿಯ 'ಖಾನೆ-ಯೆ ದೂಸ್ತ್ ಕೊಜಾಸ್ತ್', 1987ರದ್ದು. ಗೆಳೆಯನ ಮನೆ ಎಲ್ಲಿದೆ ಅಂತ ಅರ್ಥ. ಪಕ್ಕದ ಬೆಡ್ಡಿನಲ್ಲಿ ನವಲಗುಂದ ಕಡೆಯ ನಿವೃತ್ತ ಮಾಸ್ತರು. ಹೆಸರು ಕೇಳಿದ್ದೇ ನಕ್ಕರು. "ಖಾನೆ ಅಂದ್ರ ಮನಿ, ದೂಸ್ತ್ ಅಂದ್ರ ದೋಸ್ತ. ನಾವು ದವಾಖಾನ್ಯಾಗ ಕುಂತೀವಿ. ಇದಕ್ಕ ತರ್ಜುಮೆ ಯಾಕ್ ಬೇಕ್ರಿ?" ಆದರೂ ಬೇಕಾಯಿತು. ಅವರ ಕಣ್ಣಿಗೆ ಸಬ್‌ಟೈಟಲ್ ಕಾಣುತ್ತಿರಲಿಲ್ಲ. ನಾನು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಕೋಕೆರ್ ಅನ್ನುವ ಹಳ್ಳಿಯ ಅಹ್ಮದ್ ಗೆಳೆಯನ ನೋಟ್‌ಬುಕ್ಕನ್ನು ತಪ್ಪಿ ಮನೆಗೆ ತಂದಿರುತ್ತಾನೆ. ನಾಳೆ ಅದರಲ್ಲೇ ಹೋಂವರ್ಕ್ ಇರದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಗೆ ಹಾಕುತ್ತಾರೆ. ಅಷ್ಟಕ್ಕೇ ಹುಡುಗ ಗುಡ್ಡದ ಅಂಕುಡೊಂಕು ದಾರಿ ಹತ್ತಿ ಪಕ್ಕದೂರಿಗೆ ಓಡುತ್ತಾನೆ. ದೊಡ್ಡವರು ಯಾರೂ ಅವನ ಮಾತು ಪೂರ್ತಿ ಕೇಳುವುದಿಲ್ಲ. ಸಿನಿಮಾದ ಮೇಷ್ಟ್ರ ಮೇಲೆ ನಮ್ಮ ಮಾಸ್ತರಿಗೆ ಸಿಟ್ಟು ಬಂತು. ಸ್ವಲ್ಪ ಹೊತ್ತಿನ ಮೇಲೆ, "ನಾನೂ ಹಂಗ ಮಾಡೀನ್ರಿ" ಅಂದು ಸುಮ್ಮನಾದರು. ಮುಂದಿನ ಸಲದಿಂದ ಆಚೆ ಬೆಡ್ಡಿನವರೂ, "ಸ್ವಲ್ಪ ಜೋರಾಗಿ ಹೇಳ್ರಿ" ಅನ್ನತೊಡಗಿದರು.

ಒಂದು ಕಷ್ಟವಿತ್ತು. ಕಿಡ್ನಿ ಕೆಟ್ಟ ಮೇಲೆ ನನಗೆ ದಿನಕ್ಕೆ 750 ಮಿ.ಲೀ. ನೀರು ಮಾತ್ರ. ಸಾರು, ಮಜ್ಜಿಗೆ, ಚಹಾ ಎಲ್ಲ ಅದರಲ್ಲೇ. ಈ ಸಿನಿಮಾಗಳಲ್ಲೋ, ಎಲ್ಲಿ ಹೋದರೂ ಚಹಾ! ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಹಾಲಿಲ್ಲದ ಕೆಂಪು ಚಹಾ, ಹಲ್ಲಿನ ನಡುವೆ ಸಕ್ಕರೆ ಗಡ್ಡೆ. ಬಾಯಾರಿದವನಿಗೆ ಇರಾನಿ ಸಿನಿಮಾ ತೋರಿಸಬಾರದು ಕಣ್ರೀ. ನನ್ನ ಮುಖ ನೋಡಿ ಸಿಸ್ಟರ್ ಒಂದು ಐಸ್ ತುಂಡು ತಂದುಕೊಡುತ್ತಿದ್ದರು. ಸಿನಿಮಾದವರು ಸಕ್ಕರೆ ಚೀಪುವಾಗ ನಾನು ಐಸ್ ಚೀಪುತ್ತಿದ್ದೆ.

1990ರ ಜೂನ್‌ನಲ್ಲಿ ಅದೇ ಕೋಕೆರ್ ಇರುವ ಗೀಲಾನ್ ಪ್ರಾಂತದಲ್ಲಿ ದೊಡ್ಡ ಭೂಕಂಪವಾಯಿತು. ಸಾವಿರಾರು ಜನ ಸತ್ತರು. ಸಿನಿಮಾದ ಆ ಮಕ್ಕಳು ಬದುಕಿದ್ದಾರಾ ಅಂತ ಕಿಯರೊಸ್ತಮಿ ಮಗನನ್ನು ಕರೆದುಕೊಂಡು ಕಾರಿನಲ್ಲಿ ಹುಡುಕುತ್ತಾ ಹೋದ. ಆ ಹುಡುಕಾಟವೇ 1992ರಲ್ಲಿ ಇನ್ನೊಂದು ಸಿನಿಮಾ ಆಯಿತು. ಅದರಲ್ಲಿ ಮನೆ ಕಳೆದುಕೊಂಡು ಗುಡಾರದಲ್ಲಿರುವ ಜನ, ರಾತ್ರಿ ವಿಶ್ವಕಪ್ ಫುಟ್ಬಾಲ್ ನೋಡಲು ಆಂಟೆನಾ ಕಟ್ಟುತ್ತಾರೆ. ಮನೆಯವರು ಸತ್ತಿರುವಾಗ ಮ್ಯಾಚಾ ಅಂತ ಬೇರೆ ಯಾರಾದರೂ ಕೇಳಬಹುದು. ನಮ್ಮ ವಾರ್ಡಿನಲ್ಲಿ ಯಾರೂ ಕೇಳಲಿಲ್ಲ. ಅಲ್ಲಿ ಐ.ಪಿ.ಎಲ್. ಇದ್ದ ದಿನ ಗೋಡೆಯ ಟಿ.ವಿ. ರಿಮೋಟಿಗೆ ಜಗಳವಾಗುತ್ತಿತ್ತು. ಮಕ್ಕಳು ಸಿಕ್ಕರಾ ಇಲ್ಲವಾ ಅಂತ ಆ ಸಿನಿಮಾ ಹೇಳುವುದಿಲ್ಲ. ಮಾಸ್ತರು ಎರಡು ದಿನ ಅದನ್ನೇ ಕೇಳಿದರು. ಅಹ್ಮದ್ ಮತ್ತು ಅವನ ಗೆಳೆಯನ ಪಾತ್ರ ಮಾಡಿದವರು ನಿಜದಲ್ಲಿ ಅಣ್ಣತಮ್ಮ. 1994ರ ಮುಂದಿನ ಸಿನಿಮಾದಲ್ಲಿ ಇಬ್ಬರೂ ಕಾಣಿಸಿಕೊಂಡರು. "ಅದಾರ್ರಿ, ಅದಾರ!" ಅಂತ ಮಾಸ್ತರು ಕೂಗಿದ್ದಕ್ಕೆ ಸಿಸ್ಟರ್ ಓಡಿ ಬಂದರು, ಏನೋ ಆಗಿಹೋಯಿತು ಅಂತ.

ಒಂದು ವಾರ ಬಹಳ ಕೆಟ್ಟದಾಗಿತ್ತು. ಬಿ.ಪಿ. ಕುಸಿದು, ಮೀನಖಂಡ ಹಿಡಿದು, ಸಾಕಪ್ಪಾ ಅನಿಸಿಬಿಟ್ಟಿತ್ತು. ಗೊತ್ತಿಲ್ಲದೆ ಅದೇ ವಾರ 'ಟೇಸ್ಟ್ ಆಫ್ ಚೆರ್ರಿ' ಹಾಕಿದೆ. ಕಿಯರೊಸ್ತಮಿಯದ್ದೇ, 1997ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಹಂಚಿಕೊಂಡ ಚಿತ್ರ. ಸಾಯಲು ತೀರ್ಮಾನಿಸಿದವನೊಬ್ಬ ತನ್ನ ಮೇಲೆ ಮಣ್ಣು ಹಾಕುವವರನ್ನು ಹುಡುಕುತ್ತಾ ಟೆಹ್ರಾನಿನ ಹೊರಗಿನ ಗುಡ್ಡಗಳಲ್ಲಿ ಕಾರು ಓಡಿಸುತ್ತಾನೆ. ನಡುವೆ ಒಬ್ಬ ಮುದುಕ ತನ್ನ ಕಥೆ ಹೇಳುತ್ತಾನೆ. ಅವನೂ ಒಮ್ಮೆ ಹಗ್ಗ ಹಿಡಿದು ಮರ ಹತ್ತಿದ್ದ. ಕತ್ತಲಲ್ಲಿ ಕೈಗೆ ಮೆತ್ತಗೆ ಹಿಪ್ಪುನೇರಳೆ ಹಣ್ಣು ತಾಗಿತು. ಒಂದು ತಿಂದ, ಇನ್ನೊಂದು ತಿಂದ. ಬೆಳಕಾಯಿತು. ಶಾಲೆಗೆ ಹೊರಟ ಮಕ್ಕಳು ಮರ ಅಲ್ಲಾಡಿಸು ಅಂದರು. ಕೊನೆಗೆ ಹೆಂಡತಿಗೂ ಒಂದಿಷ್ಟು ಆರಿಸಿಕೊಂಡು ಮನೆಗೆ ಹೋದ. ನನಗೆ ಹಿಪ್ಪುನೇರಳೆ ಅಂದರೆ ರೇಷ್ಮೆ ಹುಳಕ್ಕೆ ಹಾಕುವ ಸೊಪ್ಪು, ಅಷ್ಟೇ. ಮುಂದಿನ ಶನಿವಾರ ಮಾಸ್ತರ ಮಗ ಕಾಗದದಲ್ಲಿ ಕಟ್ಟಿಕೊಂಡು ಹಣ್ಣು ತಂದಿದ್ದ. ನಾಲ್ಕೇ ನಾಲ್ಕು. ಡಯಟಿಷಿಯನ್ನಿಗೆ ಹೇಳಬೇಡಿ.

ಆಪರೇಷನ್ ಆದ ಮೇಲೆ ಸೋಂಕಿನ ಭಯಕ್ಕೆ ಒಂದೇ ಕೋಣೆಯಲ್ಲಿ ತಿಂಗಳುಗಟ್ಟಲೆ ಇದ್ದೆ. ಆಗ ಫೋನಿನಲ್ಲಿ ಜೊತೆಗಿದ್ದವನು ಇರಾನಿನ ಇನ್ನೊಬ್ಬ ನಿರ್ದೇಶಕ ಜಾಫರ್ ಪನಾಹಿ. ಸಿನಿಮಾ ಮಾಡಬೇಡ, ದೇಶ ಬಿಟ್ಟು ಹೋಗಬೇಡ ಅಂತ 2010ರಲ್ಲಿ ಕೋರ್ಟು ಅವನಿಗೆ 20 ವರ್ಷದ ನಿಷೇಧ ಹಾಕಿತ್ತು. ಆಮೇಲಿನ ಒಂದು ಚಿತ್ರದಲ್ಲಿ ಅವನು ತನ್ನ ಮನೆಯ ಜಮಖಾನೆಯ ಮೇಲೆ ಟೇಪು ಅಂಟಿಸಿ, ಇದು ಕೋಣೆ, ಇದು ಕಿಟಕಿ ಅಂತ ಮಾಡಲಾಗದ ಸಿನಿಮಾವನ್ನು ತೋರಿಸುತ್ತಾನೆ. ನಾನೂ ಮಂಚದಿಂದ ಕಿಟಕಿಗೆ ಎಷ್ಟು ಹೆಜ್ಜೆ ಅಂತ ಎಣಿಸುತ್ತಿದ್ದ ದಿನಗಳವು. 2025ರ ಮೇನಲ್ಲಿ ಅದೇ ಮನುಷ್ಯ ತಾನೇ ಕಾನ್‌ಗೆ ಹೋಗಿ ಅಲ್ಲಿನ ಅದೇ ದೊಡ್ಡ ಪ್ರಶಸ್ತಿ ಪಾಮ್ ದೋರ್ ತೆಗೆದುಕೊಂಡಾಗ, ಅಕ್ಕನ ಮಗಳು ಬಾಗಿಲ ಆಚೆಯಿಂದಲೇ ಆ ಸುದ್ದಿ ಕೂಗಿ ಹೇಳಿದಳು.

ಅಕ್ಕನಿಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೇ. ಅವಳು ನೋಡಿದ ತಕ್ಷಣ ಕೇಳಿದ ಪ್ರಶ್ನೆ: "ಈ ಹೆಣ್ಮಕ್ಕಳು ಮನಿಯೊಳಗ ಮಲಗುವಾಗಲೂ ಯಾಕ ತಲಿಮ್ಯಾಗ ಬಟ್ಟಿ?" ತೆರೆಯ ಮೇಲೆ ಹಾಗೇ ತೋರಿಸಬೇಕು ಅನ್ನುವ ಸರ್ಕಾರದ ನಿಯಮ ಅದು, ಅಲ್ಲಿನ ಮನೆಗಳ ಒಳಗಿನ ನಿಜ ಅಲ್ಲ. ನಾನು ಇಪ್ಪತ್ತು ಸಿನಿಮಾ ನೋಡಿಯೂ ಅದನ್ನು ಗಮನಿಸಿರಲಿಲ್ಲ. ಇರಾನ್ ನೋಡಿದೆ ಅಂತ ಜಂಬ ಕೊಚ್ಚುವುದನ್ನು ಅವತ್ತೇ ಬಿಟ್ಟೆ. ಅವಳು ಪೂರ್ತಿ ನೋಡಿದ್ದು ಮಜೀದ್ ಮಜೀದಿಯ 'ಚಿಲ್ಡ್ರನ್ ಆಫ್ ಹೆವನ್' ಒಂದೇ. ಅಣ್ಣ ತಂಗಿಗೆ ಸೇರಿ ಒಂದೇ ಜೊತೆ ಬೂಟು. ಅವಳು ಬೆಳಿಗ್ಗೆ ಹಾಕಿಕೊಂಡು ಹೋಗಿ, ಗಲ್ಲಿಯಲ್ಲಿ ಓಡಿ ಬಂದು ಕೊಟ್ಟರೆ ಅವನು ಶಾಲೆಗೆ ಓಡಬೇಕು. ಅಕ್ಕ ಹೊಲಿಗೆ ಹಾಕಿದ್ದ ಜಾಗವನ್ನು ಒತ್ತಿ ಹಿಡಿದು ನಕ್ಕಳು. "ನಮ್ದ ಚಲೋ ಆತು ನೋಡು. ನಿನಗೊಂದು, ನನಗೊಂದು. ಓಡಾಡಿ ಬದ್ಲಿ ಮಾಡೋ ತ್ರಾಸಿಲ್ಲ." ಅವಳಿಗೆ ಥ್ಯಾಂಕ್ಸ್ ಹೇಳಲು ಹೋದರೆ ಬೈಯುತ್ತಾಳೆ. ಅದಕ್ಕೇ ಇಲ್ಲಿ ಬರೆದೆ.

ಇದನ್ನೆಲ್ಲ ಬರೆಯಲೇಬೇಕು ಅನಿಸಿದ್ದು ಪನಾಹಿಯ ಮೊದಲ ಸಿನಿಮಾದಿಂದ, 1995ರ 'ದಿ ವೈಟ್ ಬಲೂನ್'. ಹೊಸ ವರ್ಷಕ್ಕೆ, ಅಂದರೆ ನೌರೂಜ್‌ಗೆ, ಬಂಗಾರದ ಮೀನು ತರಲು ಹೊರಟ ಪುಟ್ಟ ಹುಡುಗಿಯ ನೋಟು ಅಂಗಡಿ ಮುಂದಿನ ಜಾಲರಿಯೊಳಗೆ ಬೀಳುತ್ತದೆ. ಬಲೂನು ಮಾರುವ ಅಫ್ಘಾನ್ ಹುಡುಗ ತನ್ನ ಕೋಲಿನ ತುದಿಗೆ ಚ್ಯೂಯಿಂಗ್ ಗಮ್ ಅಂಟಿಸಿ, ಅದನ್ನು ಮೇಲೆತ್ತಲು ನೆರವಾಗುತ್ತಾನೆ. ನೋಟು ಸಿಕ್ಕಿದ್ದೇ ಅಣ್ಣ ತಂಗಿ ಮೀನು ಕೊಂಡು ಮನೆಗೆ ಹೋಗುತ್ತಾರೆ. ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಒಂದೇ ಒಂದು ಬಿಳಿ ಬಲೂನು ಹಿಡಿದು ಅವನು ಅಲ್ಲೇ ಕೂತಿರುತ್ತಾನೆ. ಕಿಡ್ನಿ ಸಿಕ್ಕಿದ್ದೇ ನಾನೂ ಹಾಗೇ ಮನೆಗೆ ಓಡಿ ಬಂದಿದ್ದೆ. ವಾರ್ಡಿನಲ್ಲಿ ಯಾರಿಗೂ ಸರಿಯಾಗಿ ಹೇಳಿ ಬರಲಿಲ್ಲ.

ಫಾರ್ಸಿಯಲ್ಲಿ ಥ್ಯಾಂಕ್ಸ್ ಹೇಳಲು ಒಂದು ಚಂದದ ಮಾತಿದೆ: 'ದಸ್ತೆ ಶೊಮಾ ದರ್ದ್ ನಕೊನೆ'. ನಿಮ್ಮ ಕೈ ನೋಯದಿರಲಿ ಅಂತ. ಸಿಸ್ಟರ್‌ಗೆ ಮೊನ್ನೆ ಫೋನ್ ಮಾಡಿ ಇದನ್ನು ಹೇಳಿದೆ. "ಸೂಜಿ ಚುಚ್ಚಿದಾಗ ನೋಯೋದು ನಿಮ್ಮ ಕೈ, ನನಗ್ಯಾಕ ಹೇಳ್ತೀರಿ?" ಅಂದರು.

ಮಾಸ್ತರು ಇನ್ನೂ ಡಯಾಲಿಸಿಸ್‌ಗೆ ಹೋಗುತ್ತಿದ್ದಾರೆ. ನನಗೆ ಡಾಕ್ಟರು ವಾರ್ಡಿನೊಳಗೆ ಹೋಗಬೇಡಿ ಅಂದಿದ್ದಾರೆ. ಹಾಗಾಗಿ ಗುರುವಾರ ಹತ್ತೂವರೆಗೆ ಫೋನ್ ಮಾಡುತ್ತೇನೆ. ಅವರ ಮಗ ಅಲ್ಲಿ ಸಿನಿಮಾ ಹಾಕುತ್ತಾನೆ, ನಾನು ಇಲ್ಲಿ ಹಾಕುತ್ತೇನೆ, ಓದಿ ಹೇಳುತ್ತೇನೆ. ನನ್ನ ಪಕ್ಕ ಚಹಾ ಇರುತ್ತದೆ. ಲೋಟ ಇಡುವ ಸದ್ದು ಕೇಳಬಾರದು ಅಂತ ಕೆಳಗೆ ಒಂದು ಟವೆಲ್ ಹಾಸಿಕೊಳ್ಳುತ್ತೇನೆ. ಹೋದ ವಾರ ಅವರಿಗೆ ಹೇಗೋ ಗೊತ್ತಾಗಿಬಿಟ್ಟಿತು. "ಕುಡೀರಿ, ಕುಡೀರಿ. ಸಕ್ರಿ ಹಲ್ಲಾಗ ಹಿಡ್ಕೊಂಡು ಕುಡೀರಿ, ಹೆಂಗಿರ್ತದ ಹೇಳ್ರಿ" ಅಂದರು.