ನಾವಿಬ್ಬರೂ ತುಳುವಿನಲ್ಲೇ ಯಾಕೆ ಮಾತಾಡುತ್ತೇವೆ?

ಪ್ರೀತಿಯ ಪೊರ್ಬು,

ನೀನು ಕಳಿಸಿದ ಫೋಟೊ ಬಂತು. ಆ ಜಾಕೆಟ್ ನೋಡಿದ್ದರೆ ನಮ್ಮ ಪಿ.ಟಿ. ಮಾಸ್ಟ್ರು ಎಂತ ಹೇಳುತ್ತಿದ್ದರು ಅಂತ ನಿನಗೆ ಗೊತ್ತೇ ಉಂಟು. ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತೇನೆ ಎಂದಾಗ "ಹಾಕು ಮಾಮ್, ನನ್ನ ಹೆಸರು ಮಾತ್ರ ಬೇಡ" ಎಂದಿದ್ದೆ. ಹಾಗಾಗಿ ಇಲ್ಲಿ ನೀನು ಪೊರ್ಬು, ನಾನು ಮಾಮ್. ಮಂಗಳೂರಿನವರಿಗೆ ಅಷ್ಟು ಸಾಕು. ಉಳಿದವರಿಗೆ ಹೇಳುವುದಾದರೆ, ನೀನು ಇಗರ್ಜಿಗೆ, ಅಂದರೆ ಚರ್ಚಿಗೆ ಹೋಗುವ ಕೊಂಕಣಿ, ನಾನು ದೇವಸ್ಥಾನಕ್ಕೆ ಹೋಗುವ ಕೊಂಕಣಿ.

2025ರ ಗಣತಿ ಗೊತ್ತಲ್ಲ, ಹಿಂದುಳಿದ ವರ್ಗಗಳ ಆಯೋಗದ್ದು? 60 ಪ್ರಶ್ನೆ ಹಿಡಿದುಕೊಂಡು ಶಾಲೆಯ ಟೀಚರ್ ಒಬ್ಬರು ನಮ್ಮ ಮನೆಗೂ ಬಂದಿದ್ದರು. ಧರ್ಮ ಕೇಳಿದರು, ಜಾತಿ ಕೇಳಿದರು. ಮಾತೃಭಾಷೆ ಕೊಂಕಣಿ ಎಂದೆ. "ಆಚೆ ಕ್ರಿಶ್ಚಿಯನ್ ಮನೆಯಲ್ಲೂ ಇದನ್ನೇ ಬರೆದೆ. ಹಾಗಾದ್ರೆ ನೀವು ಅವರ ಹತ್ರ ಕೊಂಕಣಿ ಮಾತಾಡುದಾ ಸಾರ್?" ಎಂದು ಸುಮ್ನೆ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ನೀನೇ ಯೋಚಿಸು. ಒಂದನೇ ಕ್ಲಾಸಿನಿಂದ ನಮ್ಮ ಜಗಳ ಎಲ್ಲ ತುಳುವಿನಲ್ಲಿ. ಲೆಕ್ಕ ಹೇಳಿಕೊಟ್ಟದ್ದು ಕನ್ನಡದಲ್ಲಿ. ಈಗ ಸಾಲದ ಕಂತಿನ ಮಾತು ಬಂದರೆ ಅರ್ಧ ಇಂಗ್ಲಿಷ್. ನಿನ್ನ ಮನೆಯ ಮೆಟ್ಟಿಲು ಇಳಿದ ಕೂಡಲೇ ನೀನು ಕೊಂಕಣಿ ಬಿಡುತ್ತಿದ್ದೆ, ನಮ್ಮ ಮನೆಯ ಗೇಟು ದಾಟಿದ ಕೂಡಲೇ ನಾನು ಬಿಡುತ್ತಿದ್ದೆ. ಹೀಗೆ ಮಾಡಿ ಎಂದು ಯಾರೂ ಹೇಳಿಕೊಟ್ಟದ್ದಲ್ಲ.

ಆದರೆ ನಮ್ಮ ಹಿರಿಯರು ಗೋವಾ ಬಿಟ್ಟು ತೆಂಕಕ್ಕೆ ಬಂದ ದಾರಿ ಒಂದೇ. ನನ್ನವರು ಮತಾಂತರಕ್ಕೆ ಒಪ್ಪದೆ ಬಂದವರು. ನಿನ್ನವರು ಮತಾಂತರ ಆದ ಮೇಲೂ ನೆಮ್ಮದಿ ಇಲ್ಲದೆ ಬಂದವರು. ಬರ, ಮರಾಠರ ದಾಳಿ, ತೆರಿಗೆ ಇದ್ದವು, ಸರಿ. ಅದರ ಮೇಲೆ ಇನ್‌ಕ್ವಿಸಿಷನ್. 1560ರಲ್ಲಿ ಗೋವಾಕ್ಕೆ ಬಂದ ಆ ಚರ್ಚಿನ ನ್ಯಾಯಾಲಯದ ಕಣ್ಣು ಮುಖ್ಯವಾಗಿ ಇದ್ದದ್ದು ಹೊಸದಾಗಿ ಕ್ರೈಸ್ತರಾದವರ ಮೇಲೆ. ಹಳೆಯ ಅಭ್ಯಾಸ ಬಿಟ್ಟಿದ್ದಾರಾ ಎಂದು ಮನೆಯೊಳಗೆ ಇಣುಕುತ್ತಿತ್ತು. 1684ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಹೊರಡಿಸಿದ ಆಜ್ಞೆ ಇನ್ನೂ ಜೋರು: ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕು. 1736ರಲ್ಲಿ ಆ ನ್ಯಾಯಾಲಯದಿಂದಲೇ ನಿಷೇಧದ ಒಂದು ಪಟ್ಟಿ ಬಂತು. ಕ್ರೈಸ್ತರ ಮದುವೆಯಲ್ಲಿ ಊರಿನ ವಾದ್ಯ ಬೇಡ. ವೀಳ್ಯದೆಲೆ, ಹೂ ಹಂಚಬಾರದು. ತುಳಸಿ ಗಿಡ ಇಡಬಾರದು. ಹಿಂದೂಗಳ ಹಾಗೆ ಉಪ್ಪು ಹಾಕದೆ ಅನ್ನ ಬೇಯಿಸಬಾರದು. ಮದುವೆ ಮನೆಯಲ್ಲಿ ವೊವಿಯೊ ಎಂಬ ಹಾಡು ಹಾಡಬಾರದು.

ಅನ್ನಕ್ಕೆ ಉಪ್ಪು ಹಾಕಿದರಾ ಇಲ್ಲವಾ ಎಂದು ನ್ಯಾಯಾಲಯ ನೋಡುವುದು! ಇದನ್ನು ಓದಿದಾಗ ನನಗೆ ನಿನ್ನ ಅಕ್ಕನ ರೋಸ್, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ನೆನಪಾಯಿತು. ಮದುವೆಯ ಹಿಂದಿನ ಸಂಜೆ, ಅಂಗಳದಲ್ಲಿ ಚಪ್ಪರ. ಅಕ್ಕ ಮಣೆಯ ಮೇಲೆ ಕೂತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ತೆಂಗಿನ ಹಾಲು ಹಚ್ಚುತ್ತಿದ್ದರು. ಹಾಲು ಅವಳ ಮೊಣಕೈಯಿಂದ ಇಳಿದು ಮಣೆಯ ಅಂಚಿಗೆ ಬಂದು ತೊಟ್ಟಿಕ್ಕುತ್ತಿತ್ತು. ಒಬ್ಬರು ವಯಸ್ಸಾದ ಬಾಯಮ್ಮ ಸಾಲು ಎತ್ತಿಕೊಡುತ್ತಿದ್ದರು, ಉಳಿದವರು ಎಳೆದು ಹಾಡುತ್ತಿದ್ದರು. ಅದೇ ವೊವಿಯೊ ಅಲ್ವಾ? ನಿಷೇಧಿಸಿದ ಹಾಡನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನವರು ಉಳಿಸಿದರು. ಬಿಟ್ಟು ಬರಬೇಕಾದದ್ದೂ ಗಂಟಿನ ಜೊತೆಗೇ ಬಂತು ಬಿಡು. ಹುಡುಗಿ ನೋಡುವಾಗ ಜಾತಿ ಯಾವುದು, ಬಾಮಣ್ ಮನೆಯವರಾ, ಚಾರೊಡಿಯಾ ಎಂದು ನಿನ್ನ ದೊಡ್ಡಪ್ಪ ಕೇಳಿದ್ದು ನನಗೆ ಮರೆತಿಲ್ಲ.

ಈ ಭಾಷೆಯನ್ನು ದೇಶ ಸ್ವತಂತ್ರ ಭಾಷೆ ಎಂದು ಒಪ್ಪಲಿಕ್ಕೇ ತಡವಾಯಿತು. ಸಾಹಿತ್ಯ ಅಕಾಡೆಮಿ ಒಪ್ಪಿದ್ದು 1975ರಲ್ಲಿ, ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ್ದು 1992ರಲ್ಲಿ. ಗೋವಾ 1987ರಲ್ಲೇ ದೇವನಾಗರಿ ಕೊಂಕಣಿಯನ್ನು ಆಡಳಿತ ಭಾಷೆ ಮಾಡಿತು, ರೋಮನ್ ಲಿಪಿಯಲ್ಲಿ ಬರೆಯುತ್ತಿದ್ದ ಅಲ್ಲಿನ ಕ್ರೈಸ್ತರನ್ನು ಹೊರಗಿಟ್ಟು. ಭಟ್ಕಳದ ನವಾಯತ ಮುಸ್ಲಿಮರದ್ದೂ ಕೊಂಕಣಿಯೇ, ಅವರು ಬರೆಯುವುದು ಉರ್ದುವಿನ ಅಕ್ಷರದಲ್ಲಿ. ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿಯರು ಮನೆಯಲ್ಲಿ ಆಡುವುದೂ ಒಂದು ಬಗೆಯ ಕೊಂಕಣಿ, ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಗಣತಿಯ ಕಾಗದದಲ್ಲಿ ನಾವೆಲ್ಲ ಒಂದೇ ಸಾಲಿನಲ್ಲಿ ಸಿಗಬಹುದು. ಊಟಕ್ಕೆ ಒಂದೇ ಸಾಲಿನಲ್ಲಿ ಕೂತದ್ದನ್ನು ನಾನಂತೂ ನೋಡಿಲ್ಲ.

ಧರ್ಮ ನಮ್ಮನ್ನು ಬೇರೆ ಮಾಡಿತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಮಂಗಳೂರಿನಲ್ಲಿ ಕೊಂಕಣಿಯನ್ನು ಓದುವ, ಬರೆಯುವ ಭಾಷೆಯಾಗಿ ಗಟ್ಟಿಯಾಗಿ ಹಿಡಿದಿಟ್ಟದ್ದೂ ಧರ್ಮವೇ. 1938ರಿಂದ 'ರಾಕ್ಣೊ' ಬರುತ್ತಿದೆ, ಕನ್ನಡ ಲಿಪಿಯಲ್ಲಿ, ನಿಮ್ಮ ಧರ್ಮಪ್ರಾಂತದ ಪತ್ರಿಕೆಯಾಗಿ. ನಿನ್ನ ಮಾಂಯ್, ಅಂದರೆ ನಿನ್ನ ಅಮ್ಮ, ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದರು. ನಮ್ಮ ಮನೆಗೆ ಬರುತ್ತಿದ್ದದ್ದೆಲ್ಲ ಕನ್ನಡ ಪತ್ರಿಕೆ. ನಮಗೆ ಕೊಂಕಣಿ ಎಂದರೆ ಬಾಯಿಮಾತು.

ಮಾಂಯ್ ಸುದ್ದಿ ಬಂತಲ್ಲ, ಇನ್ನು ಹೇಳಲೇಬೇಕು.

ಅವರು ತೀರಿಕೊಂಡು ಕಳಿಸಿಕೊಡುವ ದಿನ ನಾನು ಇಗರ್ಜಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಪಾದ್ರಿಗಳು "ಆಮ್ಚ್ಯಾ ಬಾಪಾ", ನಮ್ಮ ತಂದೆಯೇ, ಎಂದು ಶುರು ಮಾಡಿದರು, ಇಡೀ ಇಗರ್ಜಿ ಒಟ್ಟಿಗೆ ಹೇಳಿತು. ನಿಮ್ಮಲ್ಲಿ ಮದುವೆಗೆ ಎಷ್ಟೋ ಸಲ ಬಂದಿದ್ದೇನೆ, ಇದೆಲ್ಲ ಕೇಳಿದ್ದೇನೆ. ಆ ದಿನ ಮಾತ್ರ ಒಂದೊಂದು ಮಾತೂ ನೇರ ಒಳಗೆ ಹೋಯಿತು. ನನ್ನ ಅಜ್ಜಿ ಅಡುಗೆಮನೆಯಲ್ಲಿ ಆಡುತ್ತಿದ್ದ ಭಾಷೆಯಲ್ಲಿ ಅಷ್ಟು ಜನ ಸೇರಿ ದೇವರ ಹತ್ತಿರ ಕೇಳುತ್ತಿದ್ದರು.

ನಮ್ಮಲ್ಲಿ ಹಾಗಿಲ್ಲ. ರಥಬೀದಿಯ ವೆಂಕಟರಮಣನ ಮುಂದೆ ಭಟ್ರು ಹೇಳುವುದು ಸಂಸ್ಕೃತ. ಭಜನೆಗೆ ಕೂತರೆ ಹೆಚ್ಚಾಗಿ ದಾಸರ ಪದ, ಮರಾಠಿ ಅಭಂಗ. ಸ್ವಾಮಿಗಳ ಆಶೀರ್ವಚನ ಕೊಂಕಣಿಯಲ್ಲೇ, ಆದರೆ ಅದು ನಮಗೆ ಹೇಳುವ ಮಾತು. ನಿಮ್ಮ ಬಲಿಪೂಜೆಯೂ ಮೊದಲು ಲ್ಯಾಟಿನ್‌ನಲ್ಲೇ ಇತ್ತು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಮೇಲೆ ಅದು ಜನರ ಭಾಷೆಗೆ ಬಂತು. ನಮ್ಮಲ್ಲಿ ಅಂಥದ್ದೊಂದು ಬೇಕು ಎಂದು ಯಾರಿಗೂ ಅನಿಸಲಿಲ್ಲವೋ ಏನೋ.

ಅಪ್ಪ ಹೋದಾಗ ನಾನು ಎಲ್ಲ ಕರ್ಮವನ್ನೂ ಮಾಡಿದೆ. ದರ್ಭೆ ಹಾಕಿಕೊಂಡೆ, ಎಳ್ಳುನೀರು ಬಿಟ್ಟೆ, ಭಟ್ರು ಹೇಳಿದ್ದನ್ನು ಹಿಂದಿನಿಂದ ಹೇಳಿದೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಅಪ್ಪನಿಗೆ ಹೇಳಬೇಕಾದದ್ದು ಯಾವುದನ್ನೂ ಹೇಳಿದ ಹಾಗೆ ಆಗಲಿಲ್ಲ. ಇಗರ್ಜಿಯಲ್ಲಿ ನಾನು ಅತ್ತದ್ದು ಅಪ್ಪನಿಗಾಗಿ ಮಾರಾಯ. ನೀನು ಬಂದು ಹೆಗಲ ಮೇಲೆ ಕೈ ಇಟ್ಟೆ. ನಿನ್ನ ಮಾಂಯ್‌ಗಾಗಿ ಅಳುತ್ತಿದ್ದೇನೆ ಎಂದುಕೊಂಡಿದ್ದೆಯೋ ಏನೋ. ಅವರಿಗಾಗಿಯೂ ಅತ್ತೆ. ಆದರೆ ಮೊದಲು ಬಂದದ್ದು ಅಪ್ಪ.

ಅದರ ಜೊತೆಗೆ ಹೊಟ್ಟೆಕಿಚ್ಚೂ ಬಂತು. ಇದು ನನ್ನದೂ ಹೌದಲ್ಲ, ನನಗೆ ಯಾಕೆ ಇದು ಇಲ್ಲ ಎಂದು. ನಮ್ಮ ಮನೆಯ ಹಿರಿಯರು ನಿಮ್ಮ ಕೊಂಕಣಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, "ಅವರದ್ದು ಬೇರೆ" ಎನ್ನುತ್ತಿದ್ದರು. ನಿಮ್ಮಲ್ಲೂ ನಮ್ಮದನ್ನು ಹಾಗೇ ಹೇಳಿರಬಹುದು. ಆ ರಾತ್ರಿ ದೇವರ ಮುಂದೆ ನಿಂತು ಕೊಂಕಣಿಯಲ್ಲಿ ಏನಾದರೂ ಹೇಳೋಣ ಎಂದು ನೋಡಿದೆ. ದೇವರಿಗೆ 'ತೂಂ', ನೀನು, ಎನ್ನಬೇಕೋ 'ತುಮ್ಮಿ', ನೀವು, ಎನ್ನಬೇಕೋ ಎಂಬಲ್ಲೇ ನಿಂತುಬಿಟ್ಟೆ. ನನ್ನ ಮಗಳಿಗೆ ಆ ಪ್ರಶ್ನೆಯೂ ಬರುವುದಿಲ್ಲ. ನಾನು ಕೊಂಕಣಿಯಲ್ಲಿ ಕರೆದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅವಳ ಕಾಲಕ್ಕೆ ಗಣತಿಯವರು ಬಂದರೆ ಅವಳು ಎಂತ ಬರೆಸುತ್ತಾಳೆ ಎಂದು ಯೋಚಿಸಿದರೆ ನನಗೆ ನಿಜವಾಗಿ ಹೆದರಿಕೆ ಆಗುತ್ತದೆ.

ಸಾಕು, ಜಾಸ್ತಿಯೇ ಆಯಿತು. ನಿನಗೆ ಮಾತ್ರ ಬರೆದಿದ್ದರೆ ಇಷ್ಟು ಬರೆಯುತ್ತಿರಲಿಲ್ಲವೇನೋ.

ಬಂಗುಡೆ ಈಗ ಚೆನ್ನಾಗಿ ಬರುತ್ತಿದೆ, ನಿನ್ನ ಹೊಟ್ಟೆ ಉರಿಸಲು ಫೋಟೊ ಬೇರೆ ಕಳಿಸುತ್ತೇನೆ. ಕ್ರಿಸ್ಮಸ್ಸಿಗೆ ಬಂದರೆ ಕುಸ್ವಾರ್ ತಿಂಡಿಯ ಡಬ್ಬ ಮೊದಲು ನಮ್ಮ ಮನೆಗೆ, ಆಮೇಲೆ ಆ ಡಾಕ್ಟ್ರಿಗೆ. ಹೋದ ಸಲದ ಹಾಗೆ ಮಾಡಬೇಡ. ಛತ್ರಿ ಇನ್ನೂ ನನ್ನ ಹತ್ತಿರವೇ ಉಂಟು, ಕೊಡುವುದಿಲ್ಲ. ಮತ್ತೆ, ಆದಿತ್ಯವಾರ ಫೋನ್ ಮಾಡುವಾಗ ಕೊಂಕಣಿಯಲ್ಲೇ ಶುರು ಮಾಡು. ನಿಮ್ಮದರಲ್ಲೇ ಮಾತಾಡು, ನಾನು ನಮ್ಮದರಲ್ಲಿ ಉತ್ತರ ಕೊಡುತ್ತೇನೆ. ಜಗಳ ಬಂದರೆ ತುಳು ಉಂಟಲ್ಲ.

ನಿನ್ನ,
ಮಾಮ್